ಬ್ಯಾಕ್‌ಟೆಕ್ ಪ್ಲಸ್ ಬಾಟಲಿ: ಹೃದಯ ಕವಾಟದ ಅಪರೂಪದ ಸೋಂಕಿಗೆ ಎಷ್ಟು ನಂಬಬಹುದು?

ಕವಾಟಕ್ಕೆ ಬ್ಯಾಕ್ಟೀರಿಯಾ ತಗುಲಿದೆ ಎಂಬ ಅನುಮಾನ ಬಂದರೆ ಎಕೋ (ಹೃದಯದ ಅಲ್ಟ್ರಾಸೌಂಡ್) ಜೊತೆಗೇ ಆಗಬೇಕಾದ್ದು ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಬಿ.ಡಿ. ಕಂಪನಿಯ ಬ್ಯಾಕ್‌ಟೆಕ್ ಪ್ಲಸ್ ಏರೋಬಿಕ್ (ಆಮ್ಲಜನಕವಿರುವ) ಬಾಟಲಿಯಲ್ಲಿ 30 ಮಿ.ಲೀ. ಪೋಷಕ ದ್ರವವಿದ್ದು, ಅದರ ತಳದಲ್ಲಿ ರೆಸಿನ್ ಮಣಿಗಳು ಕೂತಿರುತ್ತವೆ. ರೋಗಿ ಈಗಾಗಲೇ ನುಂಗಿರುವ ಆ್ಯಂಟಿಬಯಾಟಿಕ್ಕನ್ನು ಹೀರಿಕೊಳ್ಳುವುದು ಈ ಮಣಿಗಳ ಕೆಲಸ. ನಮ್ಮಲ್ಲಿ ಜ್ವರ ಎಂದೊಡನೆ ಮಾತ್ರೆ ಶುರುವಾಗಿರುತ್ತದೆ, ಹಾಗಾಗಿ ಇದು ದೊಡ್ಡ ಅನುಕೂಲ. ಆದರೆ ಎಲ್ಲ ಔಷಧವನ್ನೂ ರೆಸಿನ್ ಒಂದೇ ಸಮ ಹೀರುವುದಿಲ್ಲ. ಮೊದಲು ರಕ್ತ, ಆಮೇಲೆ ಔಷಧ ಎಂಬ ನಿಯಮಕ್ಕೆ ಅದು ಬದಲಿಯಲ್ಲ.

ಬಾಟಲಿ ಸೋಲುವುದು ಹೆಚ್ಚಾಗಿ ತುಂಬುವ ಕೈಯಲ್ಲೇ. ವಯಸ್ಕರಿಗೆ ಒಂದು ಬಾಟಲಿಗೆ 8ರಿಂದ 10 ಮಿ.ಲೀ. ಬೇಕು. ನರ ಸಿಗಲಿಲ್ಲವೆಂದು 3 ಮಿ.ಲೀ. ಹಾಕಿ ಕಳಿಸಿದರೆ, ಪ್ರತಿ ಮಿ.ಲೀ.ನಲ್ಲಿ ಒಂದೆರಡೇ ಇರುವ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುತ್ತವೆ. ಹೆಚ್ಚಾದರೂ ತೊಂದರೆಯೇ: ಒಳಗಿನ ನಿರ್ವಾತ 10 ಮಿ.ಲೀ. ದಾಟಿಯೂ ಎಳೆಯುತ್ತದೆ, ಆಗ ಬಿಳಿರಕ್ತಕಣಗಳು ಬಿಡುವ ಇಂಗಾಲದ ಡೈಆಕ್ಸೈಡ್‌ನಿಂದಲೇ ಈ ಅನಿಲವನ್ನು ಗಮನಿಸುವ ಯಂತ್ರ ಸುಳ್ಳು ಪಾಸಿಟಿವ್ ಕೊಡಬಹುದು. ಆದ್ದರಿಂದ ತುಂಬುವ ಮೊದಲೇ ಲೇಬಲ್ ಮೇಲೆ ಪೆನ್ನಿನಿಂದ ಗೆರೆ ಎಳೆದುಕೊಳ್ಳಿ. ರಬ್ಬರ್ ಮುಚ್ಚಳವನ್ನು 70% ಆಲ್ಕೋಹಾಲಿನಿಂದ ಒರೆಸಿ ಒಣಗಲು ಬಿಡಿ. ಬಟರ್‌ಫ್ಲೈ ಸೂಜಿಯಾದರೆ ಏರೋಬಿಕ್ ಮೊದಲು, ಏಕೆಂದರೆ ಕೊಳವೆಯಲ್ಲಿ ಗಾಳಿ ಇರುತ್ತದೆ. ಸಿರಿಂಜ್ ಆದರೆ ಅನೇರೋಬಿಕ್ (ಆಮ್ಲಜನಕವಿಲ್ಲದ) ಬಾಟಲಿ ಮೊದಲು. ಬೇರೆ ಬೇರೆ ನರಗಳಿಂದ ಮೂರು ಸೆಟ್ (ಒಂದು ಸೆಟ್ ಎಂದರೆ ಒಂದು ಏರೋಬಿಕ್, ಒಂದು ಅನೇರೋಬಿಕ್ ಬಾಟಲಿ) ತೆಗೆಯಬೇಕು. ಕವಾಟದ ಸೋಂಕಿನಲ್ಲಿ ಬ್ಯಾಕ್ಟೀರಿಯಾ ರಕ್ತಕ್ಕೆ ಎಡೆಬಿಡದೆ ಸುರಿಯುತ್ತಿರುವುದರಿಂದ ಜ್ವರ ಏರಲಿ ಎಂದು ಕಾಯುವ ಅಗತ್ಯವಿಲ್ಲ. ಫ್ರಿಜ್‌ನಲ್ಲಿ ಮಾತ್ರ ಇಡಲೇಬೇಡಿ.

ಯಂತ್ರ ಸೇರಿದ ಮೇಲೆ ಬಾಟಲಿ ಮೆಚ್ಚುವಂತೆ ಕೆಲಸ ಮಾಡುತ್ತದೆ. ತಳದ ಸೆನ್ಸರನ್ನು 10 ನಿಮಿಷಕ್ಕೊಮ್ಮೆ ಓದಲಾಗುತ್ತದೆ. ನಿಧಾನಕ್ಕೆ ಬೆಳೆಯುವ ಹ್ಯಾಸೆಕ್ ಗುಂಪಿನ ಬ್ಯಾಕ್ಟೀರಿಯಾಗಳೂ (ಬಾಯಿ, ಗಂಟಲಲ್ಲಿ ಇರುವಂಥವು) ಸಾಮಾನ್ಯವಾಗಿ 5 ದಿನದೊಳಗೆ ಸಿಗುತ್ತವೆ; ಮೂರು ವಾರ ಇಡುವ ಹಳೆಯ ಪದ್ಧತಿ ಇವುಗಳಿಗೆ ಬೇಕಿಲ್ಲ. ಕೃತಕ ಕವಾಟದ ಮೇಲೆ ಕೂರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್‌ಗೆ ಮಾತ್ರ ಅನೇರೋಬಿಕ್ ಬಾಟಲಿಯನ್ನು 10ರಿಂದ 14 ದಿನ ಇಡಿಸಬೇಕು. ಲ್ಯಾಬಿಗೆ ಹೇಳದಿದ್ದರೆ ಅವರು ಐದನೇ ದಿನವೇ ಎಸೆಯುತ್ತಾರೆ.

ಅಬಿಯೋಟ್ರೋಫಿಯಾ ಎಂಬ ಬ್ಯಾಕ್ಟೀರಿಯಾದ ಸಂಗತಿ ಬೇರೆ. ಯಂತ್ರ ಪಾಸಿಟಿವ್ ಎನ್ನುತ್ತದೆ, ಗ್ರಾಂ ಸ್ಟೇನ್‌ನಲ್ಲಿ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಸರಪಳಿ ಕಾಣುತ್ತದೆ, ಆದರೆ ಕುರಿರಕ್ತದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್) ಮೇಲೆ ಮರುದಿನ ಏನೂ ಇರುವುದಿಲ್ಲ. ಅದಕ್ಕೆ ಪಿರಿಡಾಕ್ಸಾಲ್ (ವಿಟಮಿನ್ ಬಿ6ರ ಒಂದು ರೂಪ) ಬೇಕು, ಸ್ಟೆಫೈಲೋಕಾಕಸ್ ಅದನ್ನು ಒದಗಿಸುತ್ತದೆ. ಅದೇ ಪ್ಲೇಟಿನಲ್ಲಿ ಸ್ಟೆಫೈಲೋಕಾಕಸ್‌ನ ಒಂದು ಗೆರೆ ಎಳೆದರೆ, ಆ ಗೆರೆಯ ಅಂಚಿಗೆ ಅಂಟಿಕೊಂಡಂತೆ ಸಾಸಿವೆಗಿಂತಲೂ ಸಣ್ಣ ಕಾಲೊನಿಗಳು ಮೂಡುತ್ತವೆ.

ಬ್ರುಸೆಲ್ಲಾ ಬ್ಯಾಕ್ಟೀರಿಯಾ ಈ ಬಾಟಲಿಯಲ್ಲಿ ಬೆಳೆಯುತ್ತದೆ, ಅಪಾಯವಿರುವುದೂ ಅಲ್ಲೇ. ಕುರಿ, ಮೇಕೆ, ದನಗಳ ಒಡನಾಟ ಅಥವಾ ಹಸಿ ಹಾಲಿನಿಂದ ಬರುವ ಈ ರೋಗ ವಿಜಯಪುರದ ಕಡೆಯೂ ವರದಿಯಾಗಿದೆ. ಗ್ರಾಂ ಸ್ಟೇನ್‌ನಲ್ಲಿ ನಯವಾದ ಮರಳು ಚೆಲ್ಲಿದಂತೆ ಕಂಡರೆ ಮುಂದಿನ ಕೆಲಸವೆಲ್ಲ ಬಯೋಸೇಫ್ಟಿ ಕ್ಯಾಬಿನೆಟ್ ಒಳಗೇ ಆಗಬೇಕು. ಪ್ಲೇಟ್ ಮೂಸಿ ನೋಡುವ ಅಭ್ಯಾಸದಿಂದ ಲ್ಯಾಬಿನವರಿಗೇ ಸೋಂಕು ತಗುಲುತ್ತದೆ. ದನ ಕಾಯುವವರ ರಕ್ತವಾಗಿದ್ದರೆ ಫಾರಂ ಮೇಲೆ ಅದನ್ನು ಬರೆಯುವುದು ವೈದ್ಯರ ಹೊಣೆ.

ಇನ್ನು ಪೂರೈಕೆ. 2024ರ ಬೇಸಿಗೆ ಹೊತ್ತಿಗೆ ಅಮೆರಿಕದಲ್ಲಿ ಈ ಬಾಟಲಿಗಳಿಗೇ ತೀವ್ರ ಕೊರತೆ ಬಂದು ಆಸ್ಪತ್ರೆಗಳು ಕಲ್ಚರನ್ನೇ ಮಿತಿಗೊಳಿಸಬೇಕಾಯಿತು. ಒಂದೇ ಯಂತ್ರಕ್ಕೆ ಕಟ್ಟುಬಿದ್ದ ಲ್ಯಾಬುಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾಕ್ಸಿಯೆಲ್ಲಾ ಮತ್ತು ಟ್ರೋಫೆರಿಮಾ ಎಂಬ ಬ್ಯಾಕ್ಟೀರಿಯಾಗಳಿಗೆ ಈ ಬಾಟಲಿ ಕೆಲಸಕ್ಕೆ ಬಾರದು, ಬಾರ್ಟೊನೆಲ್ಲಾಗೂ ನೆಚ್ಚಿಕೊಳ್ಳುವಂತಿಲ್ಲ. ಮೂರು ಸೆಟ್ ನೆಗೆಟಿವ್ ಬಂದು ಎಕೋದಲ್ಲಿ ಗಂಟು ಕಾಣುತ್ತಿದ್ದರೆ ಪ್ರತಿಕಾಯ ಪರೀಕ್ಷೆಗೆ ಸೀರಂ ಕಳಿಸಿ. ಕಾಕ್ಸಿಯೆಲ್ಲಾ ಫೇಸ್ ಒಂದರ ಐಜಿಜಿ ಪ್ರತಿಕಾಯ 1:800 ದಾಟಿದರೆ ಅದು ಡ್ಯೂಕ್ ಮಾನದಂಡದಲ್ಲೇ (ಕವಾಟದ ಸೋಂಕನ್ನು ನಿರ್ಧರಿಸುವ ನಿಯಮಪಟ್ಟಿ) ಪ್ರಮುಖ ಸಾಕ್ಷ್ಯ. ಶಸ್ತ್ರಚಿಕಿತ್ಸೆಯಾದರೆ ತೆಗೆದ ಕವಾಟವನ್ನು ಪೂರ್ತಿ ಫಾರ್ಮಲಿನ್‌ಗೆ ಹಾಕಬೇಡಿ. ಒಂದು ತುಂಡನ್ನು ಸ್ಟೆರೈಲ್ ಡಬ್ಬಿಯಲ್ಲಿ ಪಿಸಿಆರ್‌ಗೆ ಎತ್ತಿಡಿ.