ಬಾವಿ ಲಾಗ್ ಓದಲು ದುಬಾರಿ ಸಾಫ್ಟ್‌ವೇರಾ, ಪೈಥಾನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೈಥಾನ್ ಎಂಬ ಪುಕ್ಕಟೆ ಪ್ರೋಗ್ರಾಮಿಂಗ್ ಭಾಷೆಗೆ. ಬನಶಂಕರಿಯ ಮನೆಯಲ್ಲೇ ಕೂತು ಎಣ್ಣೆ ಬಾವಿಗಳ ಲಾಗ್ ಓದಿಕೊಡುವುದು ನನ್ನ ಕೆಲಸ. ಲಾಗ್ ಅಂದರೆ ಬಾವಿಯೊಳಗೆ ಉಪಕರಣ ಇಳಿಸಿ, ಆಳ ಆಳಕ್ಕೂ ಕಲ್ಲಿನ ಗುಣ ಅಳೆದ ದಾಖಲೆ. ಹೆಚ್ಚಿನವು ಗುಜರಾತಿನ ಖಂಭಾತ್ ಬೇಸಿನ್‌ನ ಹಳೇ ಬಾವಿಗಳು. ಹೋದ ವರ್ಷ ಒಂದು ಸಾಫ್ಟ್‌ವೇರ್‌ಗೆ ಲೈಸೆನ್ಸ್ ತೆಗೆದುಕೊಂಡೆ. ಜಿಎಸ್‌ಟಿ ಸೇರಿ ಅದರ ಖರ್ಚು ನಮ್ಮ ಮನೆಯ ವರ್ಷದ ಬಾಡಿಗೆಯನ್ನೂ ದಾಟಿತು. ಈ ಸಲ ರಿನ್ಯೂ ಮಾಡಿಸುತ್ತಿಲ್ಲ.

ಕಾರಣ, ಇಲ್ಲದ ಅಳತೆಗಳ ಕಾಟ. ಉಪಕರಣ ಅಳೆಯದ ಜಾಗದಲ್ಲಿ ಲ್ಯಾಸ್ ಫೈಲ್ (ಲಾಗ್ ಅಳತೆಗಳನ್ನು ಇಡುವ ಟೆಕ್ಸ್ಟ್ ಫೈಲ್) ಒಂದು ಗುರುತಿನ ಸಂಖ್ಯೆ, ಅಂದರೆ ನಲ್, ಇಡುತ್ತದೆ, ಸಾಮಾನ್ಯವಾಗಿ -999.25. ಅದನ್ನು ಫೈಲಿನ ತಲೆಭಾಗದ ಹೆಡರ್‌ನಲ್ಲೇ ಬರೆದಿರುತ್ತಾರೆ. ಆದರೆ ಹಳೇ ಕಾಗದದ ಲಾಗ್‌ಗಳನ್ನು ಡಿಜಿಟೈಸ್ ಮಾಡಿದವರದು ಒಬ್ಬೊಬ್ಬರದು ಒಂದೊಂದು ರೂಢಿ. ಒಂದು ಕರ್ವ್‌ನಲ್ಲಿ (ಒಂದು ಬಗೆಯ ಅಳತೆಯ ಸಾಲಿನಲ್ಲಿ) -999.25, ಪಕ್ಕದ್ದರಲ್ಲಿ -9999, ಇನ್ನೊಂದರಲ್ಲಿ ಸುಮ್ನೆ ಸೊನ್ನೆ.

ದೊಡ್ಡ ಸಂಖ್ಯೆಗಳು ತಾವೇ ಸಿಕ್ಕಿಬೀಳುತ್ತವೆ. ಡೆನ್ಸಿಟಿ (ಸಾಂದ್ರತೆ) 2.30 ಇದ್ದರೆ, ಮರಳುಗಲ್ಲಿಗೆ 2.65, ನೀರಿಗೆ 1 ಹಿಡಿದು ಪೊರಾಸಿಟಿ (ಕಲ್ಲಿನೊಳಗಿನ ಖಾಲಿ ಜಾಗದ ಪಾಲು) 21% ಬರುತ್ತದೆ. ಅಲ್ಲಿ -999.25 ನುಗ್ಗಿದರೆ 60,000% ದಾಟುತ್ತದೆ. ಯಾರೂ ನಂಬುವುದಿಲ್ಲ. ಸೊನ್ನೆ ಹಾಗಲ್ಲ. ಗಾಮಾ ರೇ (ಕಲ್ಲಿನ ಸಹಜ ವಿಕಿರಣದ ಅಳತೆ) ಸೊನ್ನೆ ಅಂದರೆ ಶೇಲ್ (ಜೇಡಿಗಲ್ಲು) ಇಲ್ಲವೇ ಇಲ್ಲ, ಅಪ್ಪಟ ಮರಳುಗಲ್ಲು ಅಂತ ಲೆಕ್ಕ. ಅಳತೆಯೇ ಇಲ್ಲದ ಜಾಗ ಇಡೀ ಬಾವಿಯಲ್ಲೇ ಒಳ್ಳೆಯ ಪದರವಾಗಿ ಕೂತುಬಿಡುತ್ತದೆ! ಒಂದು ಬಾವಿಯಲ್ಲಿ ಗಾಮಾ ರೇ ಟ್ರ್ಯಾಕಿನ (ಲಾಗ್ ಚಿತ್ರದ ಪಟ್ಟಿಯ) ಎಡ ಅಂಚಿಗೆ, ಅಂದರೆ ಸೊನ್ನೆಗೆ, ಅಂಟಿ ನೇರ ಗೆರೆಯಾಗಿ ಇಳಿದಿತ್ತು. ಕಲ್ಲು ಎಲ್ಲೂ ಅಷ್ಟು ನೇರ ಗೆರೆ ಕೊಡುವುದಿಲ್ಲ. ಹಾಗಾಗಿ ಗೊತ್ತಾಯಿತು.

ಆ ಸಾಫ್ಟ್‌ವೇರ್‌ನಲ್ಲಿ ಫೈಲ್ ಒಂದಕ್ಕೆ ಒಂದೇ ನಲ್ ಸಂಖ್ಯೆ ಕೊಡಬಹುದು. ಸೊನ್ನೆ ಕೊಟ್ಟರೆ ಎಸ್‌ಪಿ ಕರ್ವ್‌ನ (ಬಾವಿಯಲ್ಲಿ ತಾನಾಗಿ ಹುಟ್ಟುವ ವೋಲ್ಟೇಜಿನ ಅಳತೆ) ನಿಜವಾದ ಸೊನ್ನೆಗಳೂ ಮಾಯ. ಅಲ್ಲಿ ಸೊನ್ನೆ ಬರುವುದು ಸಹಜ, ಅಲ್ವಾ? ಕೊನೆಗೆ ಒಂದೊಂದೇ ಕರ್ವ್ ಹಿಡಿದು ಮೌಸ್‌ನಲ್ಲಿ ಅಳಿಸಬೇಕು, ಪ್ರತಿ ಬಾವಿಗೂ. ಎಲ್ಲಿ ಏನು ಅಳಿಸಿದೆ ಎಂಬ ದಾಖಲೆಯೂ ಉಳಿಯುವುದಿಲ್ಲ. ಸಪೋರ್ಟ್‌ಗೆ ಬರೆದರೆ ಹೆಡರ್ ತಿದ್ದಿಕೊಳ್ಳಿ ಅಂದರು.

ಲ್ಯಾಸ್ ಫೈಲ್ ಓದುವ ಪೈಥಾನ್ ಲೈಬ್ರರಿ ಲ್ಯಾಸಿಯೋ, ಹೆಡರ್‌ನಲ್ಲಿರುವ ಸಂಖ್ಯೆಯನ್ನು ತಾನೇ ಖಾಲಿ ಮಾಡುತ್ತದೆ. ನಲ್ ಪಾಲಿಸಿಯನ್ನು ಅಗ್ರೆಸಿವ್ ಅಂತ ಇಟ್ಟರೆ -9999 ಕೂಡ ಹೋಗುತ್ತದೆ. ಸೊನ್ನೆಗೆ ಪಾಂಡಾಸ್ ಎಂಬ ಪೈಥಾನ್ ಟೇಬಲ್ ಲೈಬ್ರರಿಯಲ್ಲಿ ಒಂದು ಸಾಲು ಸಾಕು: ಗಾಮಾ ರೇ, ಡೆನ್ಸಿಟಿಯಲ್ಲಿ ತೆಗೆ, ಎಸ್‌ಪಿ ಮುಟ್ಟಬೇಡ. ಆ ಸಾಲೇ ದಾಖಲೆ. ಗಿರಾಕಿ ಕೇಳಿದರೆ ತೋರಿಸುತ್ತೇನೆ.

ಎಕ್ಸೆಲ್ ಒಂದು ಬಾವಿಗೆ ಪರವಾಗಿಲ್ಲ. ಅರ್ಧ ಅಡಿಗೊಂದು ಅಳತೆ ಅಂದರೆ 3000 ಮೀಟರ್ ಬಾವಿಗೆ ಸುಮಾರು 20,000 ಸಾಲು. ನಾಲ್ಕೈದು ಬಾವಿ ಸೇರಿದರೆ ನನ್ನ ಹಳೇ ಲ್ಯಾಪ್‌ಟಾಪ್ ನಿಂತೇ ಹೋಗುತ್ತದೆ.

ಲಾಗ್‌ಗಳ ಇನ್ನೊಂದು ಬಗೆಯ ಫೈಲ್ ಡಿಎಲ್‌ಐಎಸ್. ಅದನ್ನು ಓದಲು ಡಿಎಲ್‌ಐಎಸ್‌ಐಒ ಎಂಬ ಪೈಥಾನ್ ಲೈಬ್ರರಿ ಇದೆ, ಅದೂ ಪುಕ್ಕಟೆ.

ಬಾವಿಗಳನ್ನು ಸಾಲಾಗಿ ಇಟ್ಟು, ಪದರದ ಟಾಪ್‌ಗಳನ್ನು (ಮೇಲಂಚುಗಳನ್ನು) ಎಳೆದು ಹೊಂದಿಸುವ ಕೆಲಸದಲ್ಲಿ ಮಾತ್ರ ದುಬಾರಿ ಸಾಫ್ಟ್‌ವೇರೇ ಮೇಲು. ಕೈಗೂ ಕಣ್ಣಿಗೂ ಹಿತ. ಔಟರ್ ರಿಂಗ್ ರೋಡಿನ ಆಫೀಸಿನಲ್ಲಿ ಕೂತು, ಲೈಸೆನ್ಸ್ ದುಡ್ಡು ಕಂಪನಿಯೇ ಕಟ್ಟುವುದಾದರೆ ಖಂಡಿತ ಅದನ್ನೇ ಬಳಸಿ. ನನ್ನಂತೆ ಕೈಯಿಂದ ಹಾಕುವವರು ಮೊದಲು ಪೈಥಾನ್‌ನಲ್ಲಿ ಕೈ ಪಳಗಿಸಿಕೊಳ್ಳಿ. ಅಭ್ಯಾಸಕ್ಕೆ ನಾರ್ವೆಯ ವೋಲ್ವ್ ಕ್ಷೇತ್ರದ ಡೇಟಾ ಇದೆ. 2018ರಲ್ಲಿ ಈಕ್ವಿನಾರ್ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ತೆರೆದ ಕೂಡಲೇ ಒಂದೊಂದು ಕರ್ವ್‌ನ ಕನಿಷ್ಠ ಸಂಖ್ಯೆ ಎಷ್ಟಿದೆ ಅಂತ ನೋಡಿ, ಲೆಕ್ಕ ಆಮೇಲೆ ಶುರು ಮಾಡಿ.