ಸವೆದ ಪುಲ್ಲಿ ಹಬ್‌ಗೆ ಎಮರಿಯಾ, ತೆಳು ಸ್ಲೀವಾ, ಲೇತ್ ಬುಷ್ಷಾ?

ನಮ್ಮ ಮನೆಯ ಅಂಬಾಸಿಡರ್ 1972ರದ್ದು, ಮಾರ್ಕ್ 2. 1489 ಸಿಸಿ ಪೆಟ್ರೋಲ್ ಎಂಜಿನ್. ಅಪ್ಪ ಓಡಿಸುತ್ತಿದ್ದಾಗಲೇ ಎಂಜಿನ್ ಮುಂದುಗಡೆಯಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬಂದರೆ ಸಾಕು, ಎಂಜಿನ್ ಅಡಿಯ ಆಯಿಲ್ ತೊಟ್ಟಿಯ, ಅಂದರೆ ಸಂಪಿನ, ತಳವೆಲ್ಲಾ ಒದ್ದೆ. ಫ್ಯಾನ್ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುವುದರಿಂದ ಸೋರುವ ಜಾಗ ಯಾವುದು ಅಂತ ಬೇಗ ಗೊತ್ತಾಗುವುದಿಲ್ಲ. ನಾವೂ ಮೊದಲು ಸಂಪ್ ಪ್ಯಾಕಿಂಗ್ ಬದಲಾಯಿಸಿ ಸುಮ್ನೆ ದುಡ್ಡು ಕಳೆದೆವು. ಸೋರುತ್ತಿದ್ದದ್ದು ಎಂಜಿನ್ ಮುಂದಿನ ಮುಚ್ಚಳದಲ್ಲಿ, ಅಂದರೆ ಟೈಮಿಂಗ್ ಕವರ್‌ನಲ್ಲಿ, ಆಯಿಲ್ ತಡೆಯುವ ರಬ್ಬರ್ ಸೀಲ್ ಹತ್ತಿರ.

ರೇಡಿಯೇಟರ್ ಇಳಿಸಿ, ಕೈಯಲ್ಲಿ ಎಂಜಿನ್ ತಿರುಗಿಸುವ ಹ್ಯಾಂಡಲ್ ಹಾಕುವ ದೊಡ್ಡ ನಟ್ ಬಿಚ್ಚಿ, ಫ್ಯಾನ್ ಬೆಲ್ಟ್ ಓಡಿಸುವ ಕ್ರ್ಯಾಂಕ್ ಪುಲ್ಲಿ ಹೊರಗೆ ತೆಗೆದಾಗ ಕಾರಣ ಕಣ್ಣಿಗೇ ಬಿತ್ತು. ಸೀಲ್ ಕೂರುವ ಹಬ್ ಮೇಲೆ, ಅಂದರೆ ಪುಲ್ಲಿಯ ನಡುವಿನ ಕೊಳವೆಯಂಥ ಭಾಗದ ಮೇಲೆ, ಸುತ್ತಲೂ ಒಂದು ಗೆರೆ. ಉಗುರು ಆಡಿಸಿದರೆ ಟಕ್ ಅಂತ ಸಿಕ್ಕಿಕೊಳ್ಳುತ್ತಿತ್ತು. ಅಳೆದರೆ ಸುಮಾರು 0.35 ಮಿಲಿಮೀಟರ್ ಆಳ. ಮೆತ್ತನೆಯ ರಬ್ಬರ್ ಕಬ್ಬಿಣವನ್ನು ಹೇಗೆ ಕೊರೆಯುತ್ತದೆ ಅಂತ ಅನ್ನಿಸಬಹುದು. ಕೊರೆಯುವುದು ಸೀಲ್‌ನ ಲಿಪ್‌ನಲ್ಲಿ, ಅಂದರೆ ಹಬ್‌ಗೆ ಒತ್ತಿಕೊಳ್ಳುವ ರಬ್ಬರ್ ಅಂಚಿನಲ್ಲಿ, ಸಿಕ್ಕಿಕೊಂಡ ಧೂಳು. ನಮ್ಮ ಕಡೆ ಬೇಸಿಗೆಯ ಧೂಳು ಗೊತ್ತಲ್ವಾ, ಐವತ್ತು ವರ್ಷ ಅದೇ ಜಾಗದಲ್ಲಿ ಉಜ್ಜಿದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಎಮರಿ, ಅಂದರೆ ಕಬ್ಬಿಣ ಉಜ್ಜುವ ಒರಟು ಪೇಪರ್, ಹೊಡೆದು ಹೊಸ ಸೀಲ್ ಹಾಕಿದೆವು. ಎರಡು ವಾರ ಒಣಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಎಮರಿಯಿಂದ ಹೊಳಪು ಬರುತ್ತದೆ, ಹಳ್ಳ ತುಂಬುವುದಿಲ್ಲ. ಅದರ ಮೇಲೆ ನಾನು ಪೇಪರನ್ನು ಹಿಂದೆ ಮುಂದೆ ಎಳೆದು ಉಜ್ಜಿದ್ದೆ. ಉದ್ದುದ್ದ ಬಿದ್ದ ಆ ಸಣ್ಣ ಗೀರುಗಳೇ ಆಯಿಲ್‌ಗೆ ದಾರಿ. ಉಜ್ಜುವುದಾದರೆ ಸುತ್ತಲೂ ಮಾತ್ರ ಉಜ್ಜಬೇಕು. ಉಗುರಿಗೆ ಸಿಗದಷ್ಟು ಸಣ್ಣ ಗೆರೆಯಿದ್ದರೆ ಇದು ಸಾಕು.

ಎರಡನೆಯದು ಖರ್ಚಿಲ್ಲದ ಉಪಾಯ. ಸೀಲನ್ನು ಕವರ್‌ನಲ್ಲಿ ಪೂರ್ತಿ ಒಳಗೆ ಕೂರಿಸದೆ ಒಂದೂವರೆ ಮಿಲಿಮೀಟರ್ ಹೊರಗೆ ನಿಲ್ಲಿಸಿದೆವು, ಲಿಪ್ ಸವೆಯದ ಜಾಗದ ಮೇಲೆ ಬರುವ ಹಾಗೆ. ಇದು ನಿಜಕ್ಕೂ ಕೆಲಸ ಮಾಡಿತು, ಒಂದು ವರ್ಷ ತೊಟ್ಟೂ ಬೀಳಲಿಲ್ಲ. ಆದರೆ ನಂತರ ಅಲ್ಲೂ ಒಂದು ಗೆರೆ ಬಿತ್ತು. ಇನ್ನೊಮ್ಮೆ ಸರಿಸಲು ಜಾಗ ಇರಲಿಲ್ಲ.

ಗೆರೆಗೆ ಮೆಟಲ್ ಪುಟ್ಟಿ ತುಂಬಿ ಉಜ್ಜಿದ್ದೂ ಉಂಟು. ಅದು ಎದ್ದು ಬಂತು, ಅಷ್ಟೇ. ಲಿಪ್ ನೇರವಾಗಿ ಪುಟ್ಟಿಯ ಮೇಲೆ ಓಡಬಾರದು. ವೆಲ್ಡಿಂಗ್ ಮಾಡಿ ತುಂಬಿಸಿ ಅಂತ ಒಬ್ಬರು ಹೇಳಿದ್ದರು. ಬಿಸಿಗೆ ಹಬ್ ಸೊಟ್ಟಗಾದರೆ ಇದ್ದದ್ದೂ ಹೋಯಿತು ಅಂತ ಅದಕ್ಕೆ ಕೈ ಹಾಕಲಿಲ್ಲ.

ನಿಜವಾದ ಪೈಪೋಟಿ ಇದ್ದದ್ದು ಇನ್ನೆರಡರ ನಡುವೆ: ಹಬ್ ಮೇಲೆ ತೊಡಿಸುವ ತೆಳು ರೆಡಿ ಸ್ಲೀವ್, ಮತ್ತು ಲೇತ್‌ನಲ್ಲಿ ಮಾಡಿ ಹಾಕುವ ಬುಷ್, ಅಂದರೆ ದಪ್ಪನೆಯ ಸ್ಟೀಲ್ ಬಳೆ. ಅದಕ್ಕಾಗಿಯೇ ಗುಜರಿಯಿಂದ ಇನ್ನೊಂದು ಪುಲ್ಲಿ ತಂದೆ.

ಆ ಎರಡನೇ ಪುಲ್ಲಿಗೆ ರೆಡಿ ಸ್ಲೀವ್ ಹಾಕಿದೆ. ಎಸ್‌ಕೆಎಫ್‌ನವರ ಸ್ಪೀಡಿ ಸ್ಲೀವ್ ಅಂತ ಸಿಗುತ್ತದೆ, ಬೆಂಗಳೂರಿನಿಂದ ತರಿಸಿದೆ. ಸ್ಟೇನ್‌ಲೆಸ್ ಸ್ಟೀಲ್, ದಪ್ಪ 0.28 ಮಿಲಿಮೀಟರ್. ಅಷ್ಟು ತೆಳು ಇರುವುದರಿಂದ ಸೀಲ್ ಸೈಜ್ ಬದಲಾಯಿಸಬೇಕಿಲ್ಲ. ಮೇಲ್ಮೈ ನುಣುಪು ನಮ್ಮ ಯಾವ ಲೇತ್‌ನಲ್ಲೂ ಬರದಷ್ಟು ಚೆನ್ನಾಗಿದೆ. ಆದರೆ ಅದನ್ನು ಇಳಿಸುವುದು ತಾಳ್ಮೆಯ ಕೆಲಸ. ಸವೆಯದ ಜಾಗದಲ್ಲಿ ಮೂರು ಕಡೆ ಮೈಕ್ರೋಮೀಟರ್ ಹಿಡಿದು ಅಳೆಯಬೇಕು. ಜೊತೆಗೆ ಬರುವ ಬಟ್ಟಲಿನಂಥ ಟೂಲ್ ಇಟ್ಟು, ಅದರ ನಡುವೆಯೇ ಮೆಲ್ಲಗೆ ಬಡಿಯಬೇಕು. ನನ್ನ ಮೊದಲ ಸ್ಲೀವ್ ಸ್ವಲ್ಪ ಓರೆಯಾಗಿ ಇಳಿದು ಅಂಚು ಮಡಚಿಕೊಂಡಿತು. ಒಮ್ಮೆ ತೆಗೆದರೆ ಮತ್ತೆ ಹಾಕುವ ಹಾಗಿಲ್ಲ. ದುಡ್ಡು ಹೋಯಿತು. ಎರಡನೆಯದು ಸರಿಯಾಗಿ ಕೂತಿತು. ಗೆರೆ ಆಳವಿದ್ದರೆ ಅದಕ್ಕೆ ಮೊದಲು ಪುಟ್ಟಿ ತುಂಬಿ, ಅದು ಹಸಿ ಇರುವಾಗಲೇ ಸ್ಲೀವ್ ಇಳಿಸಬೇಕು. ಇಲ್ಲಿ ಪುಟ್ಟಿ ಬರೀ ತಳಕ್ಕೆ ಆಸರೆ, ಲಿಪ್ ಓಡುವುದು ಸ್ಟೀಲ್ ಮೇಲೆ.

ನಮ್ಮ ಹಳೇ ಪುಲ್ಲಿಯನ್ನು ಪಿ.ಬಿ. ರಸ್ತೆಯ ಹತ್ತಿರದ ಒಂದು ಲೇತ್ ಶಾಪ್‌ಗೆ ಒಯ್ದೆ. ಅಲ್ಲಿರುವುದು ಪಕ್ಕದ ಹರಿಹರದಲ್ಲೇ ತಯಾರಾದ ಮೈಸೂರು ಕಿರ್ಲೋಸ್ಕರ್ ಲೇತ್. ಮೇಸ್ತ್ರಿ ಹಬ್ ಮೇಲೆ ಹೆಬ್ಬೆರಳು ಸವರಿ, "ತಮ್ಮಾ, ಇದಕ್ಕೆ ಬುಷ್ ಹಾಕ್ಬೇಕು. ಅವಸರ ಮಾಡ್ಬ್ಯಾಡ, ನಾಳೆ ಬಾ" ಅಂದರು. ನಾನು ಹೋಗಲಿಲ್ಲ, ನೋಡುತ್ತಾ ಅಲ್ಲೇ ಕೂತೆ.

ಹಬ್ಬನ್ನು ಮ್ಯಾಂಡ್ರಿಲ್ ಮೇಲೆ, ಅಂದರೆ ಒಳತೂತಿಗೆ ಸರಿಯಾಗಿ ಕೂರುವ ಸರಳಿನ ಮೇಲೆ, ಹಿಡಿದು ಒಳಗಿನ ತೂತಿಗೆ ಸರಿಯಾಗಿ ಓಡುತ್ತದೋ ಇಲ್ಲವೋ ಅಂತ ಡಯಲ್ ಗೇಜ್ ಇಟ್ಟು ನೋಡಿದರು. ಆಮೇಲೆ ಹೊರಮೈ ಮೂರು ಮಿಲಿಮೀಟರ್ ಇಳಿಸಿದರು, ಅಂದರೆ ಒಂದೊಂದು ಬದಿಗೆ ಒಂದೂವರೆ. ಒಳಗೆ ಪುಲ್ಲಿಯನ್ನು ಶಾಫ್ಟ್‌ಗೆ ಹಿಡಿದಿಡುವ ಸಣ್ಣ ಕೀ ಕೂರುವ ಸೀಳು ಇದೆ, ಅದರ ಮೇಲಿನ ಗೋಡೆ ತೆಳ್ಳಗಾಗಬಾರದು ಅಂತ ಎರಡು ಸಲ ಅಳೆದರು. ಸ್ಟೀಲ್ ಬುಷ್ಷನ್ನು ಹಬ್‌ಗಿಂತ ಎರಡು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಬಿಗಿ ಇಟ್ಟು ಕೊರೆದು, ಗ್ಯಾಸ್ ಉರಿಯಲ್ಲಿ ಒಣಹುಲ್ಲಿನ ಬಣ್ಣ ಬರುವವರೆಗೆ ಕಾಯಿಸಿದರು. ಇಕ್ಕಳದಲ್ಲಿ ಹಿಡಿದು ಹಬ್ ಮೇಲಿಟ್ಟರೆ ತಾನಾಗಿಯೇ ಜಾರಿ ಕೂತಿತು. ಒಂದು ನಿಮಿಷಕ್ಕೆ ಹಿಡಿದುಕೊಂಡಿತು, ಇನ್ನು ಅಲುಗಾಡುವ ಮಾತಿಲ್ಲ.

ಕೊನೆಯ ಸೈಜ್ ಹೊಡೆದದ್ದು ಪೂರ್ತಿ ತಣ್ಣಗಾದ ಮೇಲೆ, ಅದೇ ಮ್ಯಾಂಡ್ರಿಲ್ ಮೇಲೆ. ಅಲ್ಲಿ ಒಂದು ಸೂಕ್ಷ್ಮವಿದೆ. ಲೇತ್ ಟೂಲ್ ಬಿಟ್ಟುಹೋಗುವ ಗುರುತು ಸ್ಕ್ರೂ ಮೇಲಿನ ಸುರುಳಿ ಗೆರೆಯಂತೆ ಸುತ್ತಿಕೊಂಡಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಹಬ್ ತಿರುಗಿದಂತೆ ಆಯಿಲನ್ನು ಹೊರಗೆ ಪಂಪ್ ಮಾಡಬಹುದು. ಗ್ರೈಂಡಿಂಗ್ ಮಾಡಿಸುವುದೇ ಒಳ್ಳೆಯದು. ನಮ್ಮದಕ್ಕೆ ಮೇಸ್ತ್ರಿ ಆಯಿಲ್ ಹಾಕಿ ಸಣ್ಣ ಎಮರಿಯನ್ನು ಅತ್ತಿತ್ತ ಸರಿಸದೆ ಒಂದೇ ಕಡೆ ಹಿಡಿದು ಆ ಗುರುತು ಅಳಿಸಿದರು.

ಎರಡೂ ಪುಲ್ಲಿ ಓಡಿಸಿ ನೋಡಿದ್ದೇನೆ, ಎರಡೂ ಸೋರಿಲ್ಲ. ಆದರೂ ನಮ್ಮ ಗಾಡಿಯಲ್ಲಿ ಉಳಿದದ್ದು ಬುಷ್ ಹಾಕಿದ್ದೇ. ಖರ್ಚು ಸ್ಲೀವ್‌ನ ಅರ್ಧವೂ ಆಗಲಿಲ್ಲ. ಮುಂದೆ ಅದರ ಮೇಲೆ ಗೆರೆ ಬಿದ್ದರೂ ಬುಷ್ ತೆಗೆದು ಇನ್ನೊಂದು ಹಾಕಬಹುದು. ಲೇತ್‌ನವರ ಕೈ ಮೇಲೆ ನಂಬಿಕೆ ಇಲ್ಲದಿದ್ದರೆ ಸ್ಲೀವ್ ಹಾಕಿಸಿ. ತೂತಿಗೂ ಹೊರಮೈಗೂ ಸೆಂಟರ್ ತಪ್ಪಿದ ಬುಷ್, ಸವೆದ ಹಬ್‌ಗಿಂತ ಕೆಟ್ಟದು.

ಯಾವುದನ್ನೇ ಹಾಕಿದರೂ ಜೋಡಿಸುವಾಗ ಟೈಮಿಂಗ್ ಕವರ್ ಬೋಲ್ಟ್‌ಗಳನ್ನು ಮೊದಲೇ ಬಿಗಿ ಮಾಡಬೇಡಿ. ಸಡಿಲವಾಗಿಟ್ಟು, ಲಿಪ್‌ಗೆ ಆಯಿಲ್ ಸವರಿ, ಪುಲ್ಲಿ ಒಳಗೆ ತಳ್ಳಿ. ಪುಲ್ಲಿಯೇ ಕವರನ್ನು ಸೆಂಟರ್‌ಗೆ ತರುತ್ತದೆ, ಬಿಗಿ ಮಾಡುವುದು ಆಮೇಲೆ. ಕವರ್ ಒಳಗೆ ಆಯಿಲನ್ನು ಸೀಲ್‌ನಿಂದ ದೂರ ಚಿಮ್ಮಿಸುವ ತಟ್ಟೆ, ಅಂದರೆ ಆಯಿಲ್ ಥ್ರೋವರ್, ಇರುತ್ತದೆ; ಅದರ ಮೇಲೆ ಎಫ್ ಅಂತ ಇದ್ದರೆ ಅದು ಮುಂದಕ್ಕೆ, ರೇಡಿಯೇಟರ್ ಕಡೆಗೆ ಬರಬೇಕು. ಕೀ ಕೂರುವ ಸೀಳಿಗೆ ಸ್ವಲ್ಪ ಸೀಲೆಂಟ್ ಹಚ್ಚಿ, ಅಲ್ಲಿಂದಲೂ ಆಯಿಲ್ ನುಸುಳುತ್ತದೆ. ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಕಟ್ಟಿಕೊಂಡಿದೆಯಾ ಅಂತಲೂ ನೋಡಿ. ಒಳಗೆ ಪ್ರೆಶರ್ ಕೂಡಿದರೆ ಯಾವ ಸೀಲೂ ತಡೆಯುವುದಿಲ್ಲ.

ಮೊನ್ನೆ ಚಿತ್ರದುರ್ಗಕ್ಕೆ ಹೋಗಿ ಬಂದು ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿಟ್ಟಿದ್ದೆ. ಬೆಳಿಗ್ಗೆ ಅಮ್ಮನೇ ಅದನ್ನು ಎತ್ತಿಕೊಂಡು ಒಳಗೆ ಬಂದರು, ಒಂದು ಕಲೆಯೂ ಇರಲಿಲ್ಲ.