ಅಂಬಾಸಿಡರ್ ಎಂಜಿನ್ ಓವರ್‌ಹಾಲ್‌ಗೆ ಕೊಡುವವರೇ, ಹೆಡ್ ಕೂರಿಸುವ ಮೊದಲು ಬ್ಲಾಕಿನ ಒಳಗೆ ನೋಡಿ

ಹಳೆ ಕಾರಿನ ಎಂಜಿನ್ ಬಿಚ್ಚಿಸಿ ಮತ್ತೆ ಕಟ್ಟಿಸಲು ಹೊರಟಿದ್ದೀರಾ? ಸಿಲಿಂಡರ್ ಕೊರೆದು ಸರಿಮಾಡುವ ಬೋರಿಂಗ್ ಎಲ್ಲಿ ಮಾಡಿಸುತ್ತಾರೆ, ಪಿಸ್ಟನ್ ರಿಂಗ್ ಯಾವ ಕಂಪೆನಿಯದ್ದು ಅಂತ ಎಲ್ಲರೂ ಕೇಳುತ್ತಾರೆ. ನೀರು ಓಡುವ ದಾರಿಯನ್ನು ಯಾರು ಕ್ಲೀನ್ ಮಾಡುತ್ತಾರೆ, ಹೇಗೆ ಮಾಡುತ್ತಾರೆ ಅಂತ ಕೇಳುವವರು ಕಡಿಮೆ. ನಮ್ಮ ಕಾರಿನಲ್ಲಿ ಹೊಸ ಗ್ಯಾಸ್ಕೆಟ್, ಹೊಸ ಆಯಿಲ್, ಹೊಸ ಬೇರಿಂಗ್ ಎಲ್ಲ ಹಾಳಾದದ್ದು ಆ ಒಂದು ಕೆಲಸ ಬಿಟ್ಟದ್ದರಿಂದ. ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಶೆಡ್‌ನಲ್ಲಿದ್ದ ಹಳೆ ಕಾರು ಹೊರಗೆ ತೆಗೆಯುವ ಆಸೆ ಇರುವವರು ಹಲವರಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗ್ಯಾರೇಜಿನ ಹೆಸರು ಹಾಕುವುದಿಲ್ಲ. ಕಾಸರಗೋಡು ಪೇಟೆಯಿಂದ ತುಂಬ ದೂರವೇನಲ್ಲ, ಅಷ್ಟು ಸಾಕು.

ಕಾರು ನಮ್ಮ ಮಾವನವರದ್ದು. ಮಾರ್ಕ್ 4, ಪೆಟ್ರೋಲ್. 1489 ಸಿಸಿ ಎಂಜಿನ್, ಮೂಲದಲ್ಲಿ ಇಂಗ್ಲೆಂಡಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪೆನಿಯವರ ಬಿ-ಸೀರೀಸ್. ಸಿಲಿಂಡರ್‌ಗಳಿರುವ ಬ್ಲಾಕೂ ಬೀಡು ಕಬ್ಬಿಣ, ಅದರ ಮೇಲೆ ಮುಚ್ಚುವ ಹೆಡ್ಡೂ ಬೀಡು ಕಬ್ಬಿಣ. ಗಟ್ಟಿ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀಡಿಗೆ ಬರೀ ನೀರು ಹಾಕಿ ವರ್ಷಗಟ್ಟಲೆ ನಿಲ್ಲಿಸಿಟ್ಟರೆ ಒಳಗೆ ತುಕ್ಕು ಎದ್ದು, ಕೆಳಗಿಳಿದು, ಕೆಸರಾಗಿ ಕೂರುತ್ತದೆ. ಪಂಪ್ ಇರುವುದು ಎಂಜಿನ್ನಿನ ಮುಂದೆ. ಹಿಂದೆ ನಾಲ್ಕನೇ ಸಿಲಿಂಡರ್ ಹತ್ತಿರ ಬರುವಾಗ ನೀರಿನ ಓಟ ಮಂದ. ಕೆಸರು ಠಿಕಾಣಿ ಹೂಡುವುದು ಅಲ್ಲೇ.

ಹೊಗೆ ಜಾಸ್ತಿ ಆಗಿತ್ತು ಅಂತ ಓವರ್‌ಹಾಲ್‌ಗೆ ಕೊಟ್ಟೆವು. ಬ್ಲಾಕ್ ಮಂಗಳೂರಿಗೆ ಹೋಗಿ ಬೋರಿಂಗ್ ಆಗಿ ಬಂತು, ಕ್ರ್ಯಾಂಕ್ ಗ್ರೈಂಡ್ ಆಯಿತು. ಎಂಜಿನ್ನಿಗೆ ಪೈಂಟ್ ಬೇರೆ. ನೋಡಲು ಬಲು ಚಂದ. ಪೇಟೆಯೊಳಗೆ ತೊಂದರೆ ಇರಲಿಲ್ಲ. ಚೆರ್ಕಳ ದಾಟಿ ಜಾಲ್ಸೂರು ರಸ್ತೆ ಹಿಡಿದು ಏರು ಶುರು ಆದ ಕೂಡಲೇ ಟೆಂಪರೇಚರ್ ಮುಳ್ಳು ಮೇಲೆ ಹೋಗತೊಡಗಿತು.

"ಮಾಷ್ಟ್ರೇ, ಹೊಸ ರಿಂಗ್ ಅಲ್ವಾ, ಟೈಟ್ ಇರ್ತದೆ. ಸ್ವಲ್ಪ ಓಡ್ಲಿ, ಸರಿ ಆಗ್ತದೆ" ಅಂದರು ಗ್ಯಾರೇಜಿನವರು. ಈ ಮಾತಿನಲ್ಲಿ ಅರ್ಧ ಸತ್ಯ ಉಂಟು. ಹೊಸದಾಗಿ ಕಟ್ಟಿದ ಎಂಜಿನ್ ಮೊದಮೊದಲು ಸ್ವಲ್ಪ ಬಿಸಿ ಓಡುತ್ತದೆ. ಆದರೆ ಕುದಿಯುವುದಿಲ್ಲ. ಕುದಿಯುವ ಎಂಜಿನ್ನಿಗೆ "ಸ್ವಲ್ಪ ಓಡ್ಲಿ" ಅನ್ನುವವರನ್ನು ನಂಬಬೇಡಿ.

ಆಮೇಲೆ ಶುರುವಾಯಿತು ಒಂದೊಂದೇ ಔಷಧಿ. ಮೊದಲು ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್, ಕಿತ್ತು ಬಿಸಾಡಿದರು. "ನಮ್ಮ ಊರಿನ ಸೆಕೆಗೆ ಇದೆಲ್ಲ ಬೇಡ" ಅಂತ. ಇದು ನಮ್ಮಲ್ಲಿ ತುಂಬ ಕಡೆ ಇರುವ ಅಭ್ಯಾಸ. ಥರ್ಮೋಸ್ಟಾಟ್ ಸರಿ ಇದ್ದರೆ ಬಿಸಿಯಾದಾಗ ಅದು ತೆರೆದೇ ಇರುತ್ತದೆ, ಅಡ್ಡ ಬರುವುದಿಲ್ಲ. ತೆಗೆದರೆ ಮಳೆಗಾಲದಲ್ಲಿ, ಸಮತಟ್ಟು ರಸ್ತೆಯಲ್ಲಿ ಎಂಜಿನ್ ಬೇಕಾದಷ್ಟು ಬಿಸಿ ಆಗುವುದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್‌ನಲ್ಲಿ ನೀರಿನಂಶ ಉಳಿಯುತ್ತದೆ, ಸವೆತವೂ ಜಾಸ್ತಿ. ಅನುಮಾನ ಇದ್ದರೆ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಒಂದು ಪಾತ್ರೆ ನೀರು, ಒಂದು ಥರ್ಮಾಮೀಟರ್. ಥರ್ಮೋಸ್ಟಾಟನ್ನು ತಳಕ್ಕೆ ತಾಗದ ಹಾಗೆ ದಾರದಲ್ಲಿ ಇಳಿಬಿಟ್ಟು ಕಾಯಿಸಿ. ಮೈಮೇಲೆ 82 ಅಂತ ಅಚ್ಚು ಇದ್ದರೆ ಅದರ ಆಸುಪಾಸಿನಲ್ಲಿ ಬಾಯಿ ಬಿಡಬೇಕು, ತಣ್ಣಗಾದಾಗ ಪೂರ್ತಿ ಮುಚ್ಚಬೇಕು. ಹೊಸದು ತಂದು ನಾನು ಹೀಗೆ ನೋಡುತ್ತಿದ್ದಾಗ ಮನೆಯವಳು ಇಣುಕಿ, "ಇದಕ್ಕೆ ಉಪ್ಪು ಹಾಕ್ಲಿಕ್ಕೆ ಉಂಟಾ?" ಅಂತ ಕೇಳಿದಳು.

ಉಪ್ಪಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಕಾಸರಗೋಡು ಪೇಟೆಯ ನಲ್ಲಿ ನೀರು ಬೇಸಗೆಯಲ್ಲಿ ಉಪ್ಪಾಗುತ್ತಿದ್ದದ್ದು ಇಲ್ಲಿಯವರಿಗೆ ಯಾರಿಗೂ ಹೇಳಬೇಕಾಗಿಲ್ಲ. ಹೊಳೆಗೆ ಸಮುದ್ರದ ನೀರು ಏರಿ ಬಾವಿಕ್ಕೆರೆಯವರೆಗೂ ಹೋಗುತ್ತಿತ್ತು. ಕಡಲ ಬದಿಯ ಬಾವಿಗಳ ಕಥೆಯೂ ಅದೇ. ಅಂಥ ನೀರನ್ನು ಪೈಪ್ ಹಿಡಿದು ರೇಡಿಯೇಟರ್‌ಗೆ ತುಂಬಿಸಿದರೆ ಬೀಡು ಕಬ್ಬಿಣ, ಬ್ಲಾಕಿನ ತೂತುಗಳಿಗೆ ಹೊಡೆದ ತಗಡಿನ ಬಿರಡೆ (ಕೋರ್ ಪ್ಲಗ್), ರೇಡಿಯೇಟರ್ ಬೆಸುಗೆ ಎಲ್ಲವನ್ನೂ ತಿನ್ನುತ್ತದೆ. ಈ ಗ್ಯಾರೇಜಿನಲ್ಲಿ ತುಂಬಿಸಿದ್ದು ಅದನ್ನೇ. ಕೂಲೆಂಟ್ ಯಾಕಿಲ್ಲ ಅಂತ ಕೇಳಿದರೆ "ಅದು ಹಿಮ ಬೀಳುವ ಊರಿಗೆ" ಅಂತ ಉತ್ತರ. ನಮಗೆ ಕೂಲೆಂಟ್ ಬೇಕಾದದ್ದು ಹಿಮಕ್ಕಲ್ಲ, ತುಕ್ಕು ಹಿಡಿಯದಿರಲು. ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿಯೇ ಹಾಕಿಸಿ.

ಎರಡನೇ ಔಷಧಿ ಹೊಸ ರೇಡಿಯೇಟರ್ ಕೋರ್. ಅದಕ್ಕೆ ಬೇರೆ ಯಾವುದೋ ಕಾರಿನ ಜಾಸ್ತಿ ಒತ್ತಡದ ಕ್ಯಾಪ್. ಕ್ಯಾಪ್ ಅಂದರೆ ಬರೀ ಮುಚ್ಚಳ ಅಲ್ಲ. ಅದು ಒತ್ತಡ ಹಿಡಿದಿಟ್ಟು ನೀರು ಬೇಗ ಕುದಿಯದ ಹಾಗೆ ಮಾಡುತ್ತದೆ. 7 ಪಿಎಸ್‌ಐ ಕ್ಯಾಪ್ ಇದ್ದರೆ ನೀರು ಕುದಿಯುವುದು ಸುಮಾರು 111 ಡಿಗ್ರಿಗೆ. ಹಾಗಂತ ಹಳೆ ಕಾರಿಗೆ ಸಿಕ್ಕಿದ ಕ್ಯಾಪ್ ಒತ್ತಿದರೆ ಬೆಸುಗೆ ಬಿಡುತ್ತದೆ, ಹೋಸ್ ಉಬ್ಬುತ್ತದೆ. ನಮ್ಮದರಲ್ಲಿ ಮೇಲಿನ ಟ್ಯಾಂಕಿನ ಅಂಚು ಜಿನುಗಿತು. ಒತ್ತಡವೇ ನಿಲ್ಲದ ರೇಡಿಯೇಟರ್ ಇಟ್ಟುಕೊಂಡು ಘಾಟಿ ಹತ್ತಿದರೆ ಕಷ್ಟ ಇನ್ನೂ ಜಾಸ್ತಿ. ಮಡಿಕೇರಿ 1100 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿ ತೆರೆದ ನೀರು 96 ಡಿಗ್ರಿಯ ಹತ್ತಿರವೇ ಕುದಿಯುತ್ತದೆ.

"ಈಗ ಎಲ್ಲಿಗೆ ಬೇಕಾದರೂ ಹೋಗಿ" ಅಂದರು. ಮಡಿಕೇರಿಗೆ ಹತ್ತುವ ಸಂಪಾಜೆ ಘಾಟಿಯಲ್ಲಿ ಮುಳ್ಳು ಕೆಂಪಿಗೆ ಹೋಯಿತು, ಆಮೇಲೆ ಇದ್ದಕ್ಕಿದ್ದಂತೆ ಕೆಳಗೆ ಬಿತ್ತು. ಪಕ್ಕದಲ್ಲಿದ್ದ ಮಾವನವರು "ಕಮ್ಮಿ ಆಯ್ತು ನೋಡು" ಅಂದರು. ಇದನ್ನು ಚೆನ್ನಾಗಿ ನೆನಪಿಡಿ. ಏರಿನಲ್ಲಿ ಮುಳ್ಳು ಹಾಗೆ ಬಿದ್ದರೆ ಎಂಜಿನ್ ತಣ್ಣಗಾಯಿತು ಅಂತಲ್ಲ, ಸೆನ್ಸರ್‌ಗೆ ತಾಗುವಷ್ಟು ನೀರೇ ಉಳಿದಿಲ್ಲ ಅಂತ ಇರಬಹುದು. ಆಗಲೇ ನಿಲ್ಲಿಸಿ. ಕ್ಯಾಪ್ ಮುಟ್ಟಬೇಡಿ, ತಣ್ಣೀರು ಹೊಯ್ಯಬೇಡಿ, ಬಿಸಿ ಬೀಡು ಬಿರುಕು ಬಿಡುತ್ತದೆ. ನಾವು ನಿಲ್ಲಿಸಿ, ತಣಿದ ಮೇಲೆ ಆಯಿಲ್ ನೋಡುವ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಚಾದ ಬಣ್ಣಕ್ಕೆ ತಿರುಗಿತ್ತು. ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ಸೇರಿತ್ತು.

ಲಾರಿಯಲ್ಲಿ ಹಾಕಿ ಪುತ್ತೂರು ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಕೊಂಡುಹೋದೆವು. ಅವರು ಸ್ಪ್ಯಾನರ್ ಹಿಡಿದದ್ದೇ ಬ್ಲಾಕಿನ ಪಕ್ಕದಲ್ಲಿ ಹಿಂದಕ್ಕೆ ಇರುವ ಡ್ರೈನ್ ಟ್ಯಾಪ್‌ಗೆ. ತೆರೆದರು. ಒಂದು ಹನಿ ಬರಲಿಲ್ಲ. ತಂತಿ ಹಾಕಿ ಚುಚ್ಚಿದರು, ಆಗಲೂ ಇಲ್ಲ. ಟ್ಯಾಪನ್ನೇ ಕಳಚಿದರು, ತೂತಿನಲ್ಲಿ ಕಪ್ಪುಗೆಂಪು ಗಟ್ಟಿ ಮಣ್ಣು. "ಎಂಜಿನ್ ಕಟ್ಟಿದ್ದು ಚಂದ ಉಂಟು ಮಾಷ್ಟ್ರೇ. ನೀರಿಗೆ ಮಾತ್ರ ದಾರಿ ಇಲ್ಲ" ಅಂದರು. ಕೋರ್ ಪ್ಲಗ್ ಹೊಡೆದು ತೆಗೆದಾಗ ಹಿಂದಿನ ಸಿಲಿಂಡರ್ ಸುತ್ತ ಸ್ಕ್ರೂಡ್ರೈವರ್ ಇಳಿಯದಷ್ಟು ಬಿಗಿಯಾಗಿ ತುಕ್ಕು ತುಂಬಿತ್ತು. ಬಕೆಟ್ಟಿಗೆ ಕೆರೆದು ಹಾಕಿದ್ದನ್ನು ಬೆರಳಲ್ಲಿ ಉಜ್ಜಿದರೆ ಹೊಯಿಗೆ ಹೊಯಿಗೆ. ಬೋರಿಂಗ್‌ಗೆ ಹೋಗುವಾಗ ಆ ಪ್ಲಗ್ ಯಾರೂ ತೆಗೆದಿರಲೇ ಇಲ್ಲ. ಅದರ ಮೇಲೆಯೇ ಪೈಂಟ್ ಹೊಡೆದಿದ್ದರು.

ರೇಡಿಯೇಟರ್ ಕಥೆ ಬೇರೆಯೇ. ಥರ್ಮೋಸ್ಟಾಟ್ ಹೌಸಿಂಗ್‌ಗೂ ವಾಟರ್ ಪಂಪ್‌ಗೂ ಸಿಲಿಕಾನ್ ಪೇಸ್ಟ್ ಮೆತ್ತಿ ಕೂರಿಸಿದ್ದರು. ಹೊರಗೆ ಎಷ್ಟು ಉಬ್ಬಿ ಬರುತ್ತದೋ ಒಳಗೂ ಅಷ್ಟೇ ಉಬ್ಬಿರುತ್ತದೆ ಅಲ್ವಾ? ಒಳಗಿನದ್ದು ಕಿತ್ತು ಬಂದು ಹೊಸ ಕೋರಿನ ಟ್ಯೂಬ್‌ಗಳ ಬಾಯಿಗೆ ಅಂಟಿಕೊಂಡಿತ್ತು. ಕಾಗದದ ಗ್ಯಾಸ್ಕೆಟ್ ಇರುವ ಕಡೆ ತೆಳುವಾಗಿ ಸವರಿದರೆ ಬೇಕಾದಷ್ಟಾಯಿತು. ಸಾಲದ್ದಕ್ಕೆ ಇಗ್ನಿಷನ್ ಟೈಮಿಂಗ್ ಕೂಡ ಹಿಂದೆ ಬಿದ್ದಿತ್ತು. ಅದರಿಂದಲೂ ಹೆಡ್‌ಗೆ ಬಿಸಿ ಜಾಸ್ತಿ.

ಹೀಗಾಗಿ ಗ್ಯಾರೇಜಿಗೆ ಕೊಡುವ ಮೊದಲೇ ಮಾತಾಡಿಕೊಳ್ಳಿ. ಕೋರ್ ಪ್ಲಗ್ ಎಲ್ಲ ತೆಗೆಯಬೇಕು, ಬ್ಲಾಕ್ ತೊಳೆದ ಮೇಲೆ ಹೆಡ್ ಕೂರಿಸುವ ಮೊದಲು ನಿಮ್ಮನ್ನು ಕರೆಯಬೇಕು. ಹೋಗಿ ಪೈಪಿನಲ್ಲಿ ನೀರು ಬಿಟ್ಟು ನೋಡಿ, ಡ್ರೈನ್ ತೂತಿನಿಂದ ಧಾರೆಯಾಗಿ ಬರಬೇಕು, ತೊಟ್ಟಿಕ್ಕುವುದಲ್ಲ. ಹೆಡ್ಡಿನ ಮೇಲೆ ಸ್ಟೀಲ್ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ತಗಡು (ಫೀಲರ್ ಗೇಜ್) ಹಾಕಿ ಸೊಟ್ಟ ಇದೆಯಾ ತೋರಿಸಲು ಹೇಳಿ. ಗ್ಯಾಸ್ಕೆಟ್ ಮೇಲೆ ಟಾಪ್, ಫ್ರಂಟ್ ಅಂತ ಗುರುತು ಇದ್ದರೆ ಅದೇ ಪ್ರಕಾರ ಕೂರಬೇಕು. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು. ಟಾರ್ಕ್ ರೆಂಚ್ ಇಲ್ಲ, ಕೈ ಅಂದಾಜು ಸಾಕು ಅನ್ನುವವರಾದರೆ ಬೇರೆ ಗ್ಯಾರೇಜ್ ನೋಡಿ. ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ರೇಡಿಯೇಟರ್ ಕೋರಿನ ಮುಂದೆ ಅಂಗೈ ಆಡಿಸಿ. ಒಂದೆಡೆ ಬಿಸಿ, ಪಕ್ಕದಲ್ಲೇ ತಣ್ಣಗೆ ಇದ್ದರೆ ಅಲ್ಲಿ ಟ್ಯೂಬ್ ಕಟ್ಟಿದೆ.

ಮೊದಲಿನ ಗ್ಯಾರೇಜಿನವರ ಹತ್ತಿರ ಬಿಲ್ ಹಿಡಿದುಕೊಂಡು ಹೋಗಿದ್ದೆ. ಅದರಲ್ಲಿ ಬ್ಲಾಕ್ ಕ್ಲೀನಿಂಗ್ ಅಂತ ಬೇರೆಯೇ ಸಾಲು ಬರೆದು ದುಡ್ಡು ಹಾಕಿದ್ದರು. "ಹೊರಗಿಂದ ಮಾಡಿದ್ದೇವಲ್ಲ ಮಾಷ್ಟ್ರೇ" ಅಂದರು. ಒಂದು ರೂಪಾಯಿ ವಾಪಸ್ ಬರಲಿಲ್ಲ.